ಯಲ್ಲಾಪುರದ ಕಾಡಿನೊಳಗಿನ ಅಬ್ಬಿಗೆ ಕರೆದುಕೊಂಡು ಹೋಗುವ ಮನೆ: ಸೇವೆ ಹೇಗಿದೆ, ಯಾರಿಗೆ ಸರಿ

ಹುಬ್ಬಳ್ಳಿ-ಧಾರವಾಡದವರಿಗೆ ಜಲಪಾತ ಅಂದರೆ ಯಲ್ಲಾಪುರದ ದಾರಿ. ಮಳೆಗಾಲ ಮುಗಿಯುತ್ತಾ ಬಂದರೆ ಸಾಕು, ಭಾನುವಾರ ಬೆಳಿಗ್ಗೆ ಕಲಘಟಗಿ ದಾಟಿದ ಮೇಲೆ ಕಾರುಗಳ ಸಾಲೇ ಸಾಲು. ಮಾಗೋಡಿನಲ್ಲಿ ಬೇಡ್ತಿ ನದಿ ಎರಡು ಹಂತವಾಗಿ ಸುಮಾರು 200 ಮೀಟರ್ ಕೆಳಗೆ ಬೀಳುತ್ತದೆ, ಆದರೆ ಅದನ್ನು ದೂರದಿಂದಲೇ ನಿಂತು ನೋಡಿ ಬರಬೇಕು. ಸಾತೊಡ್ಡಿಯಲ್ಲಿ ನೀರಿನ ಹತ್ತಿರ ಹೋಗಬಹುದು, 15 ಮೀಟರ್ ಆಸುಪಾಸಿನ ಎತ್ತರ, ಚೆಂದ ಇದೆ, ಆದರೆ ರಜೆ ದಿನ ಜನ ಜಾಸ್ತಿ, ಹಾಡು ಜಾಸ್ತಿ, ಚಿಪ್ಸ್ ಪಾಕೀಟು ಜಾಸ್ತಿ. ನಮಗೆ ಬೇಕಿದ್ದದ್ದು ಬೇರೆ. ಕಾಡಿನಲ್ಲಿ ಒಂದೆರಡು ತಾಸು ನಡೆಯಬೇಕು, ಗದ್ದಲ ಇರಬಾರದು, ನೀರಿನ ಎದುರು ಸುಮ್ನೆ ಕೂರಬೇಕು. ಅಂಥ ಒಂದು ಅಬ್ಬಿಗೆ, ಅಂದರೆ ಸಣ್ಣ ಜಲಪಾತಕ್ಕೆ, ಕರೆದುಕೊಂಡು ಹೋಗುವ ಮನೆಯವರ ಬಗ್ಗೆ ಗೆಳೆಯರೊಬ್ಬರು ಹೇಳಿದ್ದರು. ಅಕ್ಟೋಬರ್‌ನಲ್ಲಿ ಹೋಗಿ ಬಂದೆವು. ಅವರ ಸೇವೆ ಹೇಗಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವ್ಯವಸ್ಥೆ ಏನು ಅಂತ ಹೇಳುತ್ತೇನೆ. ಯಲ್ಲಾಪುರ ಪೇಟೆಯಿಂದ ಸಾಕಷ್ಟು ಒಳಗೆ, ಅಡಿಕೆ ತೋಟದ ಮನೆ. ಗಂಡ, ಹೆಂಡತಿ, ವಯಸ್ಸಾದ ತಾಯಿ, ತಮ್ಮ. ತೋಟವೇ ಅವರ ಮುಖ್ಯ ಕೆಲಸ, ಇದು ಪಕ್ಕದ್ದು. ದಿನಕ್ಕೆ ಒಂದೇ ಗುಂಪು, ಅದೂ ಹತ್ತು ಜನ ಮೀರುವಂತಿಲ್ಲ. ಬೆಳಗಿನ ತಿಂಡಿ, ಜೊತೆಗೆ ನಡೆಯಲು ಮನೆಯ ತಮ್ಮ, ಕೈಗೊಂದು ಕೋಲು, ಉಂಬಳ (ಕಾಡಿನ ಜಿಗಣೆ) ಹತ್ತದ ಹಾಗೆ ಮೊಣಕಾಲವರೆಗಿನ ದಪ್ಪ ಬಟ್ಟೆಯ ಕಾಲುಚೀಲ, ಮಧ್ಯಾಹ್ನದ ಊಟ, ಸಂಜೆ ಕಷಾಯ. ಇದೆಲ್ಲ ಸೇರಿ ದೊಡ್ಡವರಿಗೆ 900 ರೂಪಾಯಿ, ಸಣ್ಣ ಮಕ್ಕಳಿಗೆ ಅರ್ಧ. ರಾತ್ರಿ ಉಳಿದರೆ ಅದರ ಲೆಕ್ಕ ಬೇರೆ, ನಾವು ಉಳಿಯಲಿಲ್ಲ. ಮನೆಯ ಹೆಸರು, ಊರು, ಫೋನ್ ನಂಬರ್ ಇಲ್ಲಿ ಹಾಕುವುದಿಲ್ಲ. ಹಾಕಬೇಡಿ ಅಂತ ಅವರೇ ಹೇಳಿದ್ದಾರೆ. ಹೋಗುವ ಮನಸ್ಸಿದ್ದವರು ನನ್ನನ್ನು ಕೇಳಿ, ನಾನು ಅವರನ್ನು ಕೇಳಿ ಕೊಡುತ್ತೇನೆ.

ಅವರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಫೋನಿನಲ್ಲೇ. ನಾವು ಕೇಳಿದ ದಿನಕ್ಕೆ ಅವರು ಆಗುವುದಿಲ್ಲ ಅಂದರು. ಬೇರೆ ಗುಂಪು ಇತ್ತು ಅಂತಲ್ಲ. "ಆ ವಾರ ಬರ್ಬೇಡಿ. ಮಳೆ ಹಿಡಿದಿದೆ, ಹಳ್ಳ ದಾಟ್ಲಿಕ್ಕೆ ಆಗೂದಿಲ್ಲ" ಅಂದರು. ಹಾಗಾದರೆ ಮುಂದಿನ ವಾರಕ್ಕೆ ಅಡ್ವಾನ್ಸ್ ಕಳಿಸಲಾ ಅಂದರೆ ಅದೂ ಬೇಡವಂತೆ. "ಮೊದಲು ಮಳೆ ನೋಡ್ವ, ಹಿಂದಿನ ದಿನ ಸಂಜೆ ನಾನೇ ಫೋನ್ ಮಾಡ್ತೆ." ಹೇಳಿದ ಹಾಗೇ ಮಾಡಿದರು ಕೂಡ.

ಇದು ಎಷ್ಟು ದೊಡ್ಡ ಮಾತು ಅನ್ನೋದು ಪ್ಯಾಕೇಜ್ ಟೂರಿನಲ್ಲಿ ಹೋದವರಿಗೆ ಗೊತ್ತಾಗುತ್ತದೆ. ಹಿಂದೊಮ್ಮೆ ನಾವು ಅಂಥ ಒಂದು ಕಂಪನಿಯ ಜೊತೆ ಬೇರೊಂದು ಜಲಪಾತಕ್ಕೆ ಹೋಗಿದ್ದೆವು. ಹೆಸರು ಬೇಡ. ಒಂದು ಬಸ್ ತುಂಬ ಜನ, ದುಡ್ಡು ಮೊದಲೇ ಕಟ್ಟಿಸಿಕೊಂಡಿದ್ದರು, ವಾಪಸ್ ಕೊಡೋದಿಲ್ಲ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು. ಹಾಗಾಗಿ ಧೋ ಅಂತ ಮಳೆ ಸುರಿಯುತ್ತಿದ್ದರೂ ಬಸ್ ಹೊರಟಿತು, ಹೊರಡಲೇಬೇಕಿತ್ತು. ಮುಂದೆ ನಡೆಯುತ್ತಿದ್ದ ಹುಡುಗನಿಗೆ ಆ ದಾರಿ ನಮಗಿಂತ ಜಾಸ್ತಿ ಗೊತ್ತಿರಲಿಲ್ಲ, ಮೊಬೈಲಿನಲ್ಲಿ ನೋಡಿಕೊಂಡು ಹೋಗುತ್ತಿದ್ದ. ಹಿಂದೆ ಉಳಿದವರನ್ನು ಎಣಿಸುವವರೂ ಇರಲಿಲ್ಲ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆದರೆ ದುಡ್ಡು ಕಟ್ಟಿಸಿಕೊಂಡವರಿಗೆ ಹಿಂದೆ ತಿರುಗೋಣ ಅನ್ನುವ ಧೈರ್ಯ ಇರೋದಿಲ್ಲ ಅನ್ನೋದು ಅವತ್ತು ನನಗೆ ಸ್ಪಷ್ಟವಾಯಿತು. ಅದಕ್ಕೇ ಈ ಮನೆಯವರು ಫೋನಿನಲ್ಲಿ ಬೇಡ ಅಂದಾಗ ಇವರ ಜೊತೆಗೇ ಹೋಗಬೇಕು ಅಂತ ನಿರ್ಧಾರ ಮಾಡಿದೆ.

ಇನ್ನೊಂದು ವಿಷಯವನ್ನೂ ನಾನು ಕೇಳಿದ್ದೆ. ನೀವೂ ಯಾರ ಜೊತೆ ಹೋದರೂ ಕೇಳಿ. ಅರಣ್ಯ ಇಲಾಖೆಯ ಒಪ್ಪಿಗೆ ಇದೆಯಾ? ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಹೋಗೋದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಒಮ್ಮೆಲೇ ಸಾವಿರಾರು ಜನ ಸೇರಿದ ಮೇಲೆ ಇಲಾಖೆ ಇನ್ನೂ ಬಿಗಿ ಮಾಡಿದೆ, ಹೆಸರಾದ ಚಾರಣದ ದಾರಿಗಳಿಗೆ ಆನ್‌ಲೈನ್‌ನಲ್ಲೇ ಬುಕ್ ಮಾಡಬೇಕು. ಮಳೆಗಾಲದಲ್ಲಿ ಜಿಲ್ಲಾಡಳಿತವೂ ಕೆಲವೊಮ್ಮೆ ಜಲಪಾತಗಳಿಗೆ ಹೋಗದಂತೆ ತಡೆಯುತ್ತದೆ. ಈ ಮನೆಯವರು ನಮ್ಮೆಲ್ಲರ ಹೆಸರು, ಗುರುತಿನ ಚೀಟಿಯ ಫೋಟೊ ಮೊದಲೇ ತರಿಸಿಕೊಂಡು ಇಲಾಖೆಯವರಿಗೆ ತಿಳಿಸಿ, ಒಪ್ಪಿಗೆ ಬಂದದ್ದನ್ನು ನಮಗೂ ತೋರಿಸಿದರು. ಕೆಲವರಿಗೆ ಇದು ಕಿರಿಕಿರಿ ಅನ್ನಿಸಬಹುದು. ನನಗೆ ನೆಮ್ಮದಿ ಅನ್ನಿಸಿತು. ನಾವು ಇಷ್ಟು ಜನ ಈ ಕಾಡಿನೊಳಗೆ ಇದ್ದೇವೆ ಅಂತ ಹೊರಗೆ ಒಬ್ಬರಿಗಾದರೂ ಗೊತ್ತಿರಬೇಕು, ಅಲ್ವಾ?

ದಾರಿ ಸುಲಭ. ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ 70 ಕಿ.ಮೀ. ಆಸುಪಾಸು. ಅಂಕೋಲಾ, ಕಾರವಾರದ ಬಸ್ಸುಗಳು ಕಲಘಟಗಿ, ಕಿರವತ್ತಿ ಮೇಲೆಯೇ ಹೋಗುತ್ತವೆ, ಹಾಗಾಗಿ ಬಸ್ಸಿಗೆ ಬರ ಇಲ್ಲ. ಕಲಘಟಗಿಯವರೆಗೆ ಗೋವಿನಜೋಳ, ಹತ್ತಿ, ಬಯಲು. ಆಮೇಲೆ ತೇಗದ ಮರಗಳು ಶುರುವಾಗಿ ಗಾಳಿಯೇ ಬೇರೆ ಆಗುತ್ತದೆ. ನಾವು ಕಾರಿನಲ್ಲಿ ಹೋಗಿದ್ದೆವು. ಕೊನೆಯ ಮೂರು ಕಿ.ಮೀ. ಮಣ್ಣಿನ ರಸ್ತೆ, ಇಳಿಜಾರು. ಕಾರನ್ನು ಮೇಲೆ ಶಾಲೆ ಹತ್ತಿರ ಬಿಡಿ ಅಂತ ಹೇಳಿ ಜೀಪ್ ಕಳಿಸಿದರು, ಅದಕ್ಕೆ ಬೇರೆ ದುಡ್ಡಿಲ್ಲ. ಈ ಕಡೆಯ ಗುಡ್ಡಗಳನ್ನು ಹಗುರ ಮಾಡಬಾರದು ಅನ್ನೋದಕ್ಕೆ ಇಲ್ಲಿಯವರಿಗೆ ಕಾರಣ ಇದೆ. 2021ರ ಜುಲೈ ಮಳೆಯಲ್ಲಿ ಇದೇ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ತೋಟ ಎಲ್ಲ ಹೋದವು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಜೀಪ್ ಓಡಿಸುತ್ತಿದ್ದ ಯಜಮಾನರು ಅದನ್ನು ಹೇಳುವಾಗ ದನಿ ಸಣ್ಣ ಮಾಡಿದರು.

ನಾವು ಹೋದದ್ದು ನಾನು, ನನ್ನ ಹೆಂಡತಿ, ತಂಗಿ, ಅವಳ ಹನ್ನೆರಡು ವರ್ಷದ ಮಗ, ಮತ್ತೆ ನಮ್ಮ ಕಾಕಾ. ಕಾಕಾಗೆ ಅರವತ್ತು ದಾಟಿದೆ, ಒಂದು ಮೊಣಕಾಲು ನೋವು. ಇದನ್ನೂ ಫೋನಿನಲ್ಲೇ ಹೇಳಿದ್ದೆವು, ಕರೆದುಕೊಂಡು ಬನ್ನಿ, ಎಲ್ಲಿ ಆಗುವುದಿಲ್ಲವೋ ಅಲ್ಲಿ ಕೂರಿಸುವ ವ್ಯವಸ್ಥೆ ಇದೆ ಅಂದಿದ್ದರು. ಮನೆ ಮುಟ್ಟಿದ ಕೂಡಲೇ ಅಮ್ಮ ಬಂದು "ಆಸರಿಗೆ ಎಂತ ಕೊಡ್ಲಿ?" ಅಂತ ಕೇಳಿದರು. ಮಜ್ಜಿಗೆ ಕುಡಿದೆವು. ನಾವು ಒಯ್ದಿದ್ದ ಧಾರವಾಡ ಪೇಡೆಯನ್ನು ದೇವರ ಮುಂದೆ ಇಟ್ಟು ಬಂದರು. ತಿಂಡಿಗೆ ತೆಳ್ಳೇವು, ಜೋನಿ ಬೆಲ್ಲ, ತುಪ್ಪ, ಕಾಯಿ ಚಟ್ನಿ. ಹುಡುಗ ಎಷ್ಟು ತಿಂದ ಅನ್ನೋದನ್ನು ಯಾರೂ ಎಣಿಸಲಿಲ್ಲ, ಹೆಂಚಿನಿಂದ ನೇರ ಎಲೆಗೆ ಬರುತ್ತಾ ಇತ್ತು.

ಹೊರಡುವ ಮೊದಲು ಚೀಲ ನೋಡುತ್ತಾರೆ. ಮುಜುಗರ ಆಗುವ ಹಾಗೆ ಅಲ್ಲ, ಜಗಲಿಯ ಮೇಲೆ ಕೂತು ಏನೇನು ತಂದಿದ್ದೀರಿ ಅಂತ ಮಾತಾಡುತ್ತಲೇ ನೋಡುತ್ತಾರೆ. ಪ್ಲಾಸ್ಟಿಕ್ ಪಾಕೀಟಿನ ತಿಂಡಿ ಅಲ್ಲೇ ಬಿಡಬೇಕು, ಬೇಕಾದರೆ ಡಬ್ಬಿಗೆ ಹಾಕಿಕೊಡುತ್ತಾರೆ. ಕುಡಿಯುವ ಸಾಮಾನು ಇದ್ದರೆ ಕರೆದುಕೊಂಡು ಹೋಗುವುದೇ ಇಲ್ಲ. ಸ್ಪೀಕರ್ ಇಲ್ಲ, ಡ್ರೋನ್ ಇಲ್ಲ. ಶೂ ಅಡಿ ತಿರುಗಿಸಿ ನೋಡುತ್ತಾರೆ. ನನ್ನ ತಂಗಿಯ ಶೂ ಅಡಿ ಸವೆದಿತ್ತು. ಅದು ಬೇಡ ಅಂತ ಹಲ್ಲು ಇರುವ ರಬ್ಬರ್ ಶೂ ಕೊಟ್ಟರು, ಅದೇ ಅಳತೆಯದ್ದು ಮನೆಯಲ್ಲಿತ್ತು.

ಇನ್ನು ನಡಿಗೆ. ಮೊದಲರ್ಧ ತಾಸು ತೋಟದೊಳಗೇ. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ, ನಡುವೆ ಏಲಕ್ಕಿ, ಬಾಳೆ, ಪಕ್ಕದಲ್ಲಿ ನೀರಿನ ಕಾಲುವೆ. ತೋಟ ಮುಗಿದರೆ ಅವರ ಬೆಟ್ಟ. ನಮ್ಮ ಕಡೆ ಹೊಲಕ್ಕೆ ಗೊಬ್ಬರ ಅಂದರೆ ತಿಪ್ಪೆ. ಇಲ್ಲಿ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ಬೆಟ್ಟದಿಂದಲೇ ಬರಬೇಕು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಳಸುವ ಹಕ್ಕು ಬ್ರಿಟಿಷರ ಕಾಲದಿಂದ ಈ ಜಿಲ್ಲೆಯಲ್ಲಿ ಇದೆ. ಭೂಮಿ ಅರಣ್ಯ ಇಲಾಖೆಯದ್ದು, ಸೊಪ್ಪಿನ ಹಕ್ಕು ತೋಟದವರದ್ದು. ಹಾಗಾಗಿ ಈ ಬೆಟ್ಟದ ಒಂದೊಂದು ಮರವೂ ನಮ್ಮ ಜೊತೆ ಬಂದ ತಮ್ಮನಿಗೆ ಗೊತ್ತು. ಮತ್ತಿ ಯಾವುದು, ಹೊನ್ನೆ ಯಾವುದು, ನಂದಿ ಯಾವುದು ಅಂತ ತೊಗಟೆ ಮುಟ್ಟಿಸಿ ತೋರಿಸಿದರು. ಉಪ್ಪಾಗೆ ಮರದ ಕೆಳಗೆ ನಿಲ್ಲಿಸಿ ಇದರ ಸಿಪ್ಪೆ ಒಣಗಿಸಿ ಮಾರುವುದು ಹೇಗೆ ಅಂತ ಹೇಳಿದರು. ಸೊಂಟದ ಕೊಕ್ಕೆಯಲ್ಲಿ ಕತ್ತಿ, ಕಾಲಲ್ಲಿ ಬರೀ ರಬ್ಬರ್ ಚಪ್ಪಲಿ, ಆದರೂ ಎಲ್ಲೂ ಜಾರಲಿಲ್ಲ.

ಅವರ ಒಂದು ಗುಣ ನನಗೆ ಬಹಳ ಹಿಡಿಸಿತು. ಕಾಕಾ ನಡುನಡುವೆ ನಿಂತು "ಇನ್ನ ಎಷ್ಟ ದೂರ ಐತಪಾ ತಮ್ಮಾ?" ಅಂತ ಕೇಳುತ್ತಿದ್ದರು. ಇಂಥ ಕಡೆ ಎಲ್ಲರೂ ಇಲ್ಲೇ, ಇಷ್ಟೇ, ಬಂದೇ ಬಿಡ್ತು ಅನ್ನುತ್ತಾರೆ. ಇವರು ಒಮ್ಮೆಯೂ ಹಾಗನ್ನಲಿಲ್ಲ. "ಇನ್ನು ಎರಡು ಸಂಕ ದಾಟೂದು, ಆಮೇಲೆ ಒಂದು ಇಳುಕ್ಲು. ಇಳುಕ್ಲಲ್ಲಿ ನಿಮಗೆ ಇಪ್ಪತ್ತು ನಿಮಿಷ ಬೇಕು, ಹತ್ತುವಾಗ ನಲವತ್ತು" ಅಂತ ಲೆಕ್ಕ ಹೇಳಿದರು. ಅಷ್ಟೇ ಆಯಿತು ಕೂಡ. ಹೀಗೆ ಹೇಳಿದರೆ ವಯಸ್ಸಾದವರು ತಮ್ಮ ಶಕ್ತಿ ನೋಡಿಕೊಂಡು ತಾವೇ ತೀರ್ಮಾನ ಮಾಡಬಹುದು. ಸಂಕ ಅಂದರೆ ಹಳ್ಳದ ಮೇಲೆ ಅಡ್ಡ ಹಾಕಿದ ಮರ. ಇಲ್ಲಿ ಎರಡು ಮರ ಜೋಡಿಸಿ, ಹಿಡಿದುಕೊಳ್ಳಲು ಒಂದು ಕಡೆ ಬಿದಿರು ಕಟ್ಟಿದ್ದಾರೆ. ಒಬ್ಬರು ಪೂರ್ತಿ ದಾಟಿದ ಮೇಲೆಯೇ ಇನ್ನೊಬ್ಬರು. ಕಾಕಾರನ್ನು ದಾಟಿಸುವಾಗ ತಮ್ಮ ನೀರಿಗಿಳಿದು, ಸಂಕದ ಪಕ್ಕದಲ್ಲೇ ಕೈ ಚಾಚಿಕೊಂಡು ನಡೆದರು.

ಉಂಬಳದ ಬಗ್ಗೆ ಎಲ್ಲರೂ ಕೇಳುತ್ತಾರೆ, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇವೆ. ಅಕ್ಟೋಬರ್‌ನಲ್ಲೂ ಇವೆ. ನೆರಳು, ತೇವ, ದರಕು ಇರುವ ಕಡೆ ಜಾಸ್ತಿ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅದರ ಎಂಜಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಅಂಶ ಇರುತ್ತದೆ, ಹಾಗಾಗಿ ಅದು ಬಿದ್ದುಹೋದ ಮೇಲೂ ತುಂಬ ಹೊತ್ತು ರಕ್ತ ಬರುತ್ತಲೇ ಇರುತ್ತದೆ. ಅದನ್ನು ನೋಡಿಯೇ ಜನ ಹೆದರುತ್ತಾರೆ. ಇವರು ಕೊಡುವ ಕಾಲುಚೀಲ ಒತ್ತಾಗಿ ನೇಯ್ದ ಹತ್ತಿ ಬಟ್ಟೆಯದ್ದು, ಮೊಣಕಾಲ ಕೆಳಗೆ ದಾರದಿಂದ ಬಿಗಿಯಬೇಕು. ಸಾಮಾನ್ಯ ಸಾಕ್ಸ್ ಇದ್ದರೆ ನೇಯ್ಗೆಯ ಸಂದಿಯಿಂದಲೇ ಒಳಗೆ ಬರುತ್ತವೆ. ಹೊರಡುವಾಗ ಸುಣ್ಣ, ತಂಬಾಕು ಕಲಸಿದ ನೀರನ್ನು ಶೂ ಅಂಚಿಗೆ ಹಚ್ಚಿದರು. ನನ್ನ ಹೆಂಡತಿಯ ಕೈಗೆ ಒಂದು ಹತ್ತಿತ್ತು. ತಮ್ಮ ಅದನ್ನು ಕಿತ್ತೆಳೆಯಲಿಲ್ಲ, ಉಗುರನ್ನು ಚರ್ಮಕ್ಕೆ ತಾಗಿಸಿ ಬಾಯಿಯ ಹತ್ತಿರ ಮೆಲ್ಲಗೆ ಸರಿಸಿದರು, ಬಿದ್ದುಹೋಯಿತು. ಗಾಯ ತೊಳೆದು ಒತ್ತಿ ಹಿಡಿದುಕೊಳ್ಳಲು ಹೇಳಿದರು. ಅಷ್ಟೇ. ನಮ್ಮ ಹುಡುಗ ಮೊದಲು ಹೆದರಿದ್ದವನು ಆಮೇಲೆ ಎಲ್ಲರ ಕಾಲು ತಾನೇ ನೋಡುತ್ತಾ ಬಂದ.

ಇಳಿಜಾರು ಶುರುವಾಗುವ ಮೊದಲೇ ನೀರಿನ ಸದ್ದು ಕೇಳುತ್ತದೆ, ಆದರೆ ಯಾವ ಕಡೆಯಿಂದ ಅಂತ ಗೊತ್ತಾಗುವುದಿಲ್ಲ. ಅಲ್ಲಿ ಕೆಲವು ನಿಮಿಷ ಮಾತಿಲ್ಲದೆ ನಿಲ್ಲಿಸಿದರು. ಒಂದು ಶಿಳ್ಳೆ. ಯಾರೋ ಹುಡುಗ ದಾರಿ ತಪ್ಪಿದ ರಾಗದಲ್ಲಿ ಶಿಳ್ಳೆ ಹಾಕುತ್ತಿದ್ದಾನೆ ಅನ್ನಿಸುತ್ತದೆ, ಆದರೆ ಅದು ಮಲಬಾರ್ ಶಿಳ್ಳೆ ಹಕ್ಕಿ. ಹಳ್ಳ, ಅಬ್ಬಿ ಇರುವ ಕಡೆಯೇ ಅದರ ವಾಸ. ಇನ್ನೂ ಸ್ವಲ್ಪ ಮುಂದೆ, ಎತ್ತರದ ಮರದಲ್ಲಿ ಕೆಂದಳಿಲು, ಬಾಲವೇ ಮೈಗಿಂತ ಉದ್ದ. ನೋಡಿಸಿದರು, ಆದರೆ ಫೋಟೊಗೋಸ್ಕರ ಅದರ ಹಿಂದೆ ಓಡಲು ಬಿಡಲಿಲ್ಲ.

ಅಬ್ಬಿ ದೊಡ್ಡದಲ್ಲ. ನಾಲ್ಕಾಳು ಎತ್ತರ ಇರಬಹುದು. ಎರಡು ಕವಲಾಗಿ ಕಪ್ಪು ಬಂಡೆಯ ಮೇಲೆ ಇಳಿದು, ಕೆಳಗೆ ಗುಂಡಿ, ಗುಂಡಿಯ ಈ ಕಡೆ ಚಪ್ಪಟೆ ಕಲ್ಲುಗಳು. ಸುತ್ತ ಮರಗಳು ಎಷ್ಟು ಒತ್ತಾಗಿವೆ ಅಂದರೆ ಮಧ್ಯಾಹ್ನ ಸ್ವಲ್ಪ ಹೊತ್ತು ಮಾತ್ರ ಬಿಸಿಲು ನೀರಿಗೆ ಬೀಳುತ್ತದೆ. ಬೇರೆ ಒಬ್ಬರೂ ಇಲ್ಲ. ಕಲ್ಲಿನ ಮೇಲೆ ಕೂತು ಮನೆಯಿಂದ ಒಯ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಕಾಕಾ ಈ ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರು. ಬೇಡ್ತಿಗೆ ಅಂದರು ತಮ್ಮ. ಕಾಕಾಗೆ ಬಹಳ ಖುಷಿಯಾಯಿತು. ಯಾಕೆಂದರೆ ನಮ್ಮ ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯೂ ಕಲಘಟಗಿ ಕಡೆ ಹರಿದು ಅದೇ ಬೇಡ್ತಿಯಾಗುತ್ತದೆ, ಮಾಗೋಡಿನಲ್ಲಿ ಬಿದ್ದು, ಮುಂದೆ ಗಂಗಾವಳಿ ಅನ್ನಿಸಿಕೊಂಡು ಗೋಕರ್ಣದ ಉತ್ತರಕ್ಕೆ ಸಮುದ್ರ ಸೇರುತ್ತದೆ. ನಮ್ಮ ಊರಿನ ನೀರಿಗೂ ಈ ಹಳ್ಳದ ನೀರಿಗೂ ಕೊನೆಗೆ ದಾರಿ ಒಂದೇ. ಅವಳಿ ನಗರದ ಕೊಳೆ ಆ ನೀರಿಗೆ ಸೇರುವುದನ್ನು ನೆನೆದರೆ ಇಲ್ಲಿ ಪ್ಲಾಸ್ಟಿಕ್ ಬಿಡಿಸಿದ್ದು ಎಷ್ಟು ಸರಿ ಅನ್ನಿಸಿತು.

ನೀರಿಗಿಳಿಯಲು ನಿಯಮಗಳಿವೆ. ಮೊದಲು ತಮ್ಮ ಇಳಿದು ಕೋಲಿನಿಂದ ಆಳ ನೋಡಿದರು. ಆಮೇಲೆ ಆ ಕಡೆ ಒಂದು ಮರಕ್ಕೆ, ಈ ಕಡೆ ಒಂದು ಮರಕ್ಕೆ ಹಗ್ಗ ಕಟ್ಟಿದರು. ಹಗ್ಗದ ಈಚೆ ಮಾತ್ರ, ಸೊಂಟದವರೆಗೆ ಮಾತ್ರ. ಅಬ್ಬಿಯ ಬುಡಕ್ಕೆ ಯಾರೂ ಹೋಗುವಂತಿಲ್ಲ. ಈಜು ಬರುತ್ತದೆ ಅಂದರೂ ಇಲ್ಲ. ನನ್ನ ಅಳಿಯ ಯಾಕೆ ಅಂತ ಕೇಳಿದ. ಹುಡುಗ ಅಂತ ಗದರದೆ ಸರಿಯಾಗಿ ಉತ್ತರ ಕೊಟ್ಟರು. ನೊರೆ ಇರುವ ಕಡೆ ನೀರಿನ ಜೊತೆ ಗಾಳಿ ಬೆರೆತಿರುತ್ತದೆ, ಅಂಥ ನೀರು ಮೈಯನ್ನು ಸರಿಯಾಗಿ ಎತ್ತುವುದಿಲ್ಲ, ಮೇಲಿಂದ ಬೀಳುವ ನೀರು ಕೆಳಗೆ ಒತ್ತಿ ಸುತ್ತು ಹಾಕಿಸುತ್ತದೆ, ಎಂಥ ಈಜುಗಾರನೂ ಅಲ್ಲಿ ಸೋಲುತ್ತಾನೆ. ಮೇಲಿಂದ ಕಲ್ಲು, ಕೊಂಬೆಯೂ ಬೀಳಬಹುದು. ಹುಡುಗ ಆಮೇಲೆ ಹಗ್ಗ ಬಿಟ್ಟು ಆಚೆ ನೋಡಲೂ ಇಲ್ಲ.

ನಾವು ನೀರಿನಲ್ಲಿ ಇದ್ದದ್ದು ಅರ್ಧ ತಾಸೂ ಇರಲಿಕ್ಕಿಲ್ಲ. ತಲೆ ಮೇಲೆ ಬಿಸಿಲು, ಒಂದು ಹನಿ ಮಳೆ ಇಲ್ಲ. ತಮ್ಮ ಮಾತ್ರ ನಮ್ಮನ್ನು ಬಿಟ್ಟು ಅಬ್ಬಿಯ ತಲೆಯ ಕಡೆಯೇ ನೋಡುತ್ತಿದ್ದರು. ಇದ್ದಕ್ಕಿದ್ದ ಹಾಗೆ "ಎಲ್ಲರೂ ಮೇಲೆ ಬನ್ನಿ, ಈಗಲೇ" ಅಂದರು. ದನಿಯಲ್ಲಿ ಗಾಬರಿ ಇರಲಿಲ್ಲ, ಆದರೆ ಇನ್ನೈದು ನಿಮಿಷ ಅಂತ ಕೇಳುವ ಹಾಗೂ ಇರಲಿಲ್ಲ. ಬಂದೆವು. ಚೀಲಗಳನ್ನು ಚಪ್ಪಟೆ ಕಲ್ಲಿನಿಂದ ಎತ್ತಿಸಿ, ಬಂದ ದಾರಿಯಲ್ಲೇ ಸಾಕಷ್ಟು ಮೇಲೆ, ಒಂದು ದೊಡ್ಡ ಮರದ ಬುಡದಲ್ಲಿ ನಿಲ್ಲಿಸಿದರು. ಏನಾಯಿತು ಅಂದರೆ ನೀರು ತೋರಿಸಿದರು. ಸ್ವಚ್ಛ ಇದ್ದದ್ದು ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ಹಸಿರು ಎಲೆ, ಸಣ್ಣ ಕಡ್ಡಿಗಳು ತೇಲಿ ಬರುತ್ತಿದ್ದವು. ಸದ್ದು ಕೂಡ ದಪ್ಪ ಆಗಿತ್ತು, ಅದು ನಮಗೆ ಅವರು ಹೇಳಿದ ಮೇಲೆ ತಿಳಿಯಿತು. "ಮೇಲೆ ಎಲ್ಲೋ ಗುಡುಗು ಮಳೆ ಆಗಿದೆ. ಇಲ್ಲಿಗೆ ಬರ್ಲಿಕ್ಕೆ ಸ್ವಲ್ಪ ಹೊತ್ತು ಹಿಡೀತದೆ" ಅಂದರು. ಮರದ ಕೆಳಗೆ ನಿಂತು ನೋಡುತ್ತಿದ್ದ ಹಾಗೇ ನೀರು ಏರಿತು. ನಾವು ರೊಟ್ಟಿ ತಿಂದಿದ್ದ ಕಲ್ಲು ಮುಳುಗಿತು. ಎರಡು ಕವಲು ಇದ್ದ ಅಬ್ಬಿ ಒಂದೇ ಆಯಿತು. ನನ್ನ ತಂಗಿ ಮಗನ ಕೈ ಹಿಡಿದವಳು ಮನೆ ಮುಟ್ಟುವವರೆಗೆ ಬಿಡಲಿಲ್ಲ.

ನಾನು ಈ ಬರಹ ಬರೆಯಲು ಕೂತದ್ದೇ ಈ ಒಂದು ಕಾರಣಕ್ಕೆ. 900 ರೂಪಾಯಿ ಕೊಟ್ಟು ಅರ್ಧ ತಾಸು ನೀರಾಟ ಅಂತ ಯಾರಾದರೂ ಲೆಕ್ಕ ಹಾಕಬಹುದು. ನನ್ನ ಲೆಕ್ಕ ಬೇರೆ. ಆ ದಾರಿ ಮೊಬೈಲಿನಲ್ಲಿ ಸಿಗಬಹುದು, ಊಟ ಯಲ್ಲಾಪುರದ ಖಾನಾವಳಿಯಲ್ಲೂ ಸಿಗುತ್ತದೆ. ನೀರಿನ ಬಣ್ಣ ನೋಡಿ ಏಳಿ ಅನ್ನುವ ಮನುಷ್ಯ ಸಿಗುವುದಿಲ್ಲ. ನಾವು ಕೊಟ್ಟದ್ದು ಅವರ ಕಣ್ಣಿಗೆ, ಮತ್ತೆ ಗಿರಾಕಿ ಬೇಜಾರಾದರೂ ಬೇಡ ಅನ್ನುವ ಅವರ ಗಟ್ಟಿತನಕ್ಕೆ. ಪ್ರತಿ ಮಳೆಗಾಲ ನಮ್ಮ ಕಡೆಯ ಹುಡುಗರು ಜಲಪಾತದಲ್ಲಿ ಸತ್ತ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಅವರೆಲ್ಲ ಕೆಟ್ಟ ಹುಡುಗರಲ್ಲ, ಪಕ್ಕದಲ್ಲಿ ಹೀಗೆ ಹೇಳುವವರು ಒಬ್ಬರು ಇರಲಿಲ್ಲ.

ವಾಪಸ್ ಬರುವಾಗ ಎರಡನೇ ಸಂಕದ ಕೆಳಗೂ ನೀರು ಜಾಸ್ತಿ ಆಗಿತ್ತು. ಅದರ ಮೇಲೆ ಕರೆದುಕೊಂಡು ಹೋಗಲಿಲ್ಲ. ಬೆಟ್ಟದ ಮೇಲಿನಿಂದ ಸುತ್ತು ಹಾಕಿಸಿದರು, ಒಂದು ತಾಸು ಹೆಚ್ಚಾಯಿತು. ಕಾಕಾ ನಿಧಾನ, ಅವರ ಜೊತೆ ತಮ್ಮನೂ ನಿಧಾನ, ಮುಂದೆ ಹೋಗುತ್ತಿದ್ದ ನಮಗೂ ನಿಲ್ಲಿ ಅಂತ ಕೂಗಿ ಹೇಳುತ್ತಿದ್ದರು. ಗುಂಪು ಎಲ್ಲೂ ಒಡೆಯಲು ಬಿಡಲಿಲ್ಲ.

ಊಟ ತಡವಾಯಿತು, ಆದರೆ ಬಿಸಿ ಇತ್ತು. ಅನ್ನ, ಒಂದೆಲಗದ ತಂಬುಳಿ, ಅಪ್ಪೆಹುಳಿ, ಸೌತೆಕಾಯಿ ಹುಳಿ, ಹಪ್ಪಳ, ಮಿಡಿ ಉಪ್ಪಿನಕಾಯಿ, ಪಾಯಸ. ಖಾರ ನಮ್ಮ ಕಡೆಯವರಿಗೆ ಕಮ್ಮಿ ಅನ್ನಿಸಬಹುದು, ಚಟ್ನಿಪುಡಿ ಒಯ್ಯಿರಿ. ಅಪ್ಪೆಹುಳಿಯನ್ನು ಮಾತ್ರ ಲೋಟದಲ್ಲಿ ಕೇಳಿ ಕುಡಿಯಿರಿ, ನಡೆದ ದಣಿವು ಇಳಿಯುತ್ತದೆ.

ಕೊರತೆಗಳು ಇಲ್ಲವೇ ಅಂದರೆ ಇವೆ, ಅವನ್ನೂ ಬರೆಯಬೇಕು. ಅಬ್ಬಿಯ ಹತ್ತಿರ ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಏನೂ ವ್ಯವಸ್ಥೆ ಇಲ್ಲ. ಕಟ್ಟಡ ಕಟ್ಟಿ ಅನ್ನುತ್ತಿಲ್ಲ, ಕಾಡಿನಲ್ಲಿ ಅದು ಬೇಡವೇ ಬೇಡ. ಒಂದು ದಪ್ಪ ಸೀರೆಯನ್ನೋ ತಾಡಪತ್ರಿಯನ್ನೋ ಒಯ್ದು ಎರಡು ಮರಕ್ಕೆ ಕಟ್ಟಿದರೆ ಸಾಕು. ನನ್ನ ಹೆಂಡತಿ ಮತ್ತೆ ತಂಗಿ ಒದ್ದೆ ಬಟ್ಟೆಯಲ್ಲೇ ಮನೆವರೆಗೆ ನಡೆದರು, ಸುತ್ತು ದಾರಿ ಬೇರೆ, ಇಬ್ಬರೂ ನಡುಗುತ್ತಿದ್ದರು. ಯಜಮಾನರ ಹೆಂಡತಿಗೆ ಹೇಳಿದಾಗ "ಹೌದು ಅಕ್ಕಾ, ಇದು ಗಂಡಸರ ತಲೆಗೆ ಹೋಗೂದಿಲ್ಲ, ನಾ ಮಾಡಿಸ್ತೆ" ಅಂದರು. ಮಕ್ಕಳ ಅಳತೆಯ ಉಂಬಳದ ಕಾಲುಚೀಲ ಇಲ್ಲ, ನಮ್ಮ ಹುಡುಗನಿಗೆ ದೊಡ್ಡದನ್ನೇ ಮಡಚಿ ಕಟ್ಟಿದ್ದರು, ಅದು ದಾರಿಯಲ್ಲಿ ಜಾರುತ್ತಲೇ ಇತ್ತು. ಫಸ್ಟ್ ಏಡ್ ಡಬ್ಬಿ ತಮ್ಮನ ಚೀಲದಲ್ಲಿ ಇತ್ತು, ಆದರೆ ಒಳಗೆ ಹತ್ತಿ, ಡೆಟಾಲ್, ಬ್ಯಾಂಡೇಜು ಪಟ್ಟಿ ಇಷ್ಟೇ. ಕಾಲು ಉಳುಕಿದರೆ ಕಟ್ಟುವ ಅಗಲದ ಪಟ್ಟಿ, ನೋವಿನ ಮಾತ್ರೆ, ಒಂದು ಒಣ ಹೊದಿಕೆ ಇರಲೇಬೇಕು. ಅಲ್ಲಿಂದ ಯಲ್ಲಾಪುರದ ಆಸ್ಪತ್ರೆಗೇ ಸಾಕಷ್ಟು ಹೊತ್ತು ಹಿಡಿಯುತ್ತದೆ, ದೊಡ್ಡದೇನಾದರೂ ಆದರೆ ಹುಬ್ಬಳ್ಳಿಗೇ ಬರಬೇಕು. ಅಷ್ಟು ಎಚ್ಚರ ಇರುವ ಜನ ಇದರಲ್ಲಿ ಯಾಕೆ ಹಿಂದೆ ಬಿದ್ದರು ಅಂತ ನನಗೆ ಬೇಜಾರಾಯಿತು, ಅದನ್ನು ನೇರವಾಗಿಯೇ ಹೇಳಿದೆ. ಮೊಬೈಲ್ ಸಿಗ್ನಲ್ ಮನೆಯ ಅಂಗಳದ ಒಂದು ಮೂಲೆಯಲ್ಲಿ ಮಾತ್ರ, ಫೋನ್ ಪೇ ನಂಬಬೇಡಿ, ನಗದು ಒಯ್ಯಿರಿ.

ಯಾವಾಗ ಹೋಗಬೇಕು? ಅವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ. ಅಕ್ಟೋಬರ್‌ನಲ್ಲಿ ನೀರು ತುಂಬ ಚೆಂದ, ಆದರೆ ಮಧ್ಯಾಹ್ನದ ಮೇಲೆ ಗುಡುಗು ಮಳೆಯ ಭಯ. ಸಣ್ಣ ಮಕ್ಕಳಿದ್ದರೆ ನವೆಂಬರ್ ಕೊನೆ, ಡಿಸೆಂಬರ್ ಸರಿ. ನೀರು ಸ್ವಲ್ಪ ಇಳಿದಿರುತ್ತದೆ, ಉಂಬಳವೂ ಕಮ್ಮಿ. ಜನವರಿ ಕಳೆದರೆ ಮತ್ತೆ ನಿಲ್ಲಿಸುತ್ತಾರೆ. ನೀರು ಸಣ್ಣದಾಗುತ್ತದೆ ಅನ್ನೋದು ಒಂದು, ಒಣ ಕಾಡಿನಲ್ಲಿ ಉಣುಗಿನ (ಉಣ್ಣೆ ಹುಳದ) ಕಾಟ ಅನ್ನೋದು ಇನ್ನೊಂದು. ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಈ ಕಾಯಿಲೆ ಉತ್ತರ ಕನ್ನಡದ ಸಿದ್ದಾಪುರದ ಕಡೆಯೂ ಜನರನ್ನು ಕಾಡಿದೆ. ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಬರುತ್ತೇವೆ ಅಂತ ಕೇಳುವವರು ಬಹಳ ಜನ ಅಂತೆ. ಎಲ್ಲರಿಗೂ ಬೇಡ ಅಂತಲೇ ಹೇಳುತ್ತಾರಂತೆ.

ರೀಲ್ಸ್ ಮಾಡಬೇಕು, ಮೇಲಿಂದ ಜಿಗಿಯಬೇಕು, ಇಡೀ ಮಧ್ಯಾಹ್ನ ನೀರಿನಲ್ಲೇ ಇರಬೇಕು ಅನ್ನುವವರಿಗೆ ಇದು ಸರಿ ಬರುವುದಿಲ್ಲ, ಹೋಗಿ ಅವರ ಜೊತೆ ಜಗಳ ಮಾಡಬೇಡಿ. ವಯಸ್ಸಾದವರನ್ನು, ಹುಡುಗರನ್ನು ಕರೆದುಕೊಂಡು ಒಂದು ದಿನ ಕಾಡಿನಲ್ಲಿ ನಡೆಯಬೇಕು ಅನ್ನುವವರು ಧೈರ್ಯವಾಗಿ ಹೋಗಬಹುದು. ಬೆಳಿಗ್ಗೆ ಆರಕ್ಕೆ ಹುಬ್ಬಳ್ಳಿ ಬಿಟ್ಟರೆ ತಿಂಡಿ ಹೊತ್ತಿಗೆ ಮನೆ ಮುಟ್ಟುತ್ತೀರಿ. ಅಡಿ ಸವೆಯದ ಶೂ, ಬೇಗ ಒಣಗುವ ಪ್ಯಾಂಟು, ಒಂದು ಜೊತೆ ಒಣ ಬಟ್ಟೆ, ಹೆಣ್ಣುಮಕ್ಕಳಿದ್ದರೆ ಒಂದು ದೊಡ್ಡ ಸೀರೆ, ನಗದು, ನಿಮ್ಮ ಮಾತ್ರೆಗಳು. ಜೀನ್ಸ್ ಬೇಡ, ಒದ್ದೆಯಾದರೆ ಹತ್ತುವಾಗ ಕಾಲಿಗೆ ಭಾರ. ಹಿಂದಿನ ದಿನ ಸಂಜೆ ಅವರ ಫೋನ್ ಬರುತ್ತದೆ. ಬರಬೇಡಿ ಅಂದರೆ ಇನ್ನೊಂದು ದಿನ ಕೇಳಿ.